ಕೊನೆಯ ಕುಂಡ

೧೧ ಮಾರ್ಚ್, ಮಂಗಳವಾರ, ರಾತ್ರಿ

ನಾಳೆ ಬೆಳಿಗ್ಗೆ ಗಾಡಿ ಬರುವವರೆಗೆ ಈ ಮನೆಗೆ ಏನೂ ಆಗದಿದ್ದರೆ ಸಾಕು.

ಶನಿವಾರ ಇ-ತ್ಯಾಜ್ಯ ಕೇಂದ್ರದವನು ಮನೆಗೇ ಬಂದು ಹಳೆ ಕಂಪ್ಯೂಟರ್, ಪ್ರಿಂಟರ್, ಚಾರ್ಜರ್‌ಗಳ ಗಂಟು ಎಲ್ಲವನ್ನೂ ತೆಗೆದುಕೊಂಡ. ಮಗಳ ಹಳೆ ಟ್ಯಾಬ್ ನೋಡಿದ್ದೇ ಕೈ ಹಿಂದಕ್ಕೆಳೆದುಕೊಂಡ.

"ಬ್ಯಾಟರಿ ಉಬ್ಬಿದೆ ಮೇಡಂ. ಇದಕ್ಕೆ ಬೇರೆ ಗಾಡಿನೇ ಬರಬೇಕು, ಬುಧವಾರ ಕಳಿಸ್ತೀವಿ. ಅಲ್ಲೀವರೆಗೂ ಒಣ ಮರಳಲ್ಲಿ ಹೂತಿಡಿ, ನೀರು ತಾಗಬಾರದು, ಮನೆಯೊಳಗೆ ಮಾತ್ರ ಬೇಡ. ಬೆಂಕಿ ಹತ್ಕೊಂಡ್ರೆ ಕಷ್ಟ."

ಬಾಲ್ಕನಿಯ ಕೊನೆಯ ಖಾಲಿ ಕುಂಡಕ್ಕೆ ಮರಳು ತುಂಬಿ ಹೂತಿಟ್ಟೆ. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಗಾಬರಿಯಲ್ಲಿ ಇಡೀ ಬಿಲ್ಡಿಂಗನ್ನೇ ಎಬ್ಬಿಸುತ್ತಿದ್ದರು. ಇವರಿಗೆ ಹೇಳಿದರೆ, "ಎಲ್ಲರ ಹಾಗೆ ಕಸದ ಡಬ್ಬಿಗೆ ಹಾಕೋದು ಬಿಟ್ಟು ಇಲ್ಲದ ಉಸಾಬರಿ ನಿಂಗೆ" ಅಂದರು. ಅದು ಕಸದ ಲಾರಿಯಲ್ಲಿ ಹೊತ್ತಿಕೊಂಡರೆ? ಲಾರಿಯವರು ಮನುಷ್ಯರಲ್ಲವೇ?

ಅವತ್ತಿನಿಂದ ನಿದ್ದೆ ಹತ್ತುತ್ತಿಲ್ಲ. ಎಲ್ಲೋ ವೈರ್ ಸುಟ್ಟ ವಾಸನೆ ಬಂದಂತಾಗುತ್ತದೆ. ಎದ್ದು ಹೋಗಿ ಕುಂಡ ಮುಟ್ಟಿ ನೋಡುತ್ತೇನೆ. ತಣ್ಣಗಿರುತ್ತದೆ. ಪಕ್ಕದ ಕುಂಡಗಳಷ್ಟೇ ತಣ್ಣಗೆ. ಅದೊಂದೇ ಸಮಾಧಾನ.

ಈಗ ತಾನೇ ಅತ್ತೆ ನೀರು ಕುಡಿಯಲು ಎದ್ದು ಬಂದರು. ನಾನು ಬರೆಯುವುದನ್ನು ನೋಡಿ ಪಕ್ಕದಲ್ಲೇ ಕೂತು, ದನಿ ತಗ್ಗಿಸಿ ಕೇಳಿದರು:

"ಆ ಕೊನೇ ಕುಂಡದಲ್ಲಿ ಅದೇನು ನೆಟ್ಟಿದ್ದೀಯೇ? ದಿನಾ ಎರಡು ಚೊಂಬು ನೀರು ಹಾಕ್ತಿದ್ದೀನಿ, ಮೊಳಕೆನೇ ಕಾಣಲ್ಲ!"

ತಣ್ಣಗಿದ್ದದ್ದು ಅದಕ್ಕೇ.

ಹೋಗಿ ನೋಡಬೇಕು. ಆ ವಾಸನೆ ಈಗ ನಿಜಕ್ಕೂ