ಅಕ್ಕನ ಫೋನಿನ ಹಳೆಯ ಡೇಟಾಬೇಸ್

ಮಾರ್ಚ್ ೧೧, ಮಂಗಳವಾರ. ಅಕ್ಕನಿಗೆ ಹೇಳಲಾಗಲಿಲ್ಲ.

ಮೆಸೇಜುಗಳನ್ನೆಲ್ಲ ಕೂಡಿಡಲು ಫೋನಿನ ಜೊತೆಗೇ ಬರುವ ಡೇಟಾಬೇಸ್ ಕಿತ್ತು ನಮ್ಮ ಕಂಪನಿಯದನ್ನು ಕೂರಿಸಲು ಮೂರು ವರ್ಷ ಹೆಣಗಿದೆವು. ಹೋದ ವಾರ ಪರೀಕ್ಷೆಗೆಂದು ಅಕ್ಕನ ಫೋನಿಗೇ ಹಾಕಿದೆ. ವರದಿಯಲ್ಲಿ ‘ನಷ್ಟ ಸೊನ್ನೆ’ ಎಂದು ಬರೆದು ಬೀಗಿದೆ.

ಇವತ್ತು ಸಂಜೆ ಅವಳು ಬಂದಳು. "ನಿಮ್ ಭಾವನ ಮೆಸೇಜೆಲ್ಲ ಜಗಳ ಆಡ್ಕೊಂಡು ಅಳಿಸಿಬಿಟ್ಟಿದ್ದೆ ಕಣೋ. ಈಗ ಅವರೇ ಇಲ್ಲ. ನೀನು ತೆಕ್ಕೊಡ್ತೀಯಲ್ಲ?"

ಹಳೆಯ ಡೇಟಾಬೇಸ್ ಅಳಿಸಿದ್ದನ್ನೂ ಎಷ್ಟೋ ದಿನ ಮೂಲೆಯಲ್ಲಿ ಬಿಟ್ಟಿರುತ್ತಿತ್ತು. ಗಲೀಜು ಎಂದು ಅದನ್ನು ಬೈದವನೇ ನಾನು. ನಮ್ಮದು ಅಳಿಸದೆ ಉಳಿದದ್ದನ್ನಷ್ಟೇ ಹೊತ್ತು ತಂದು, ಹಳೆಯ ಫೈಲನ್ನು ಗುಡಿಸಿ ಹಾಕಿತು. ಗುಡಿಸು ಎಂದು ಬರೆದವನೂ ನಾನೇ.

"ನೋಡ್ತೀನಕ್ಕ" ಅಂದೆ. ನೋಡುವುದಕ್ಕೆ ಅಲ್ಲಿ ಮಣ್ಣೂ ಇಲ್ಲ. ಅವಳು ಫೋನನ್ನು ಪೂರ್ತಿ ಚಾರ್ಜ್ ಮಾಡಿ ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾಳೆ.