ಹಾಲು, ಉಪ್ಪು, ಅಷ್ಟೇ

ಸೆಪ್ಟೆಂಬರ್ 19, ಗುರುವಾರ

ಬೆಳಗಿನ ಹಾಲು ಕರೆದು ಮುಗಿಯುವಾಗ ಎಂಟು ಗಂಟೆ. ನೂರಾ ಹತ್ತು ಹಸು. ಇಪ್ಪತ್ತೇಳನೆಯದಕ್ಕೆ ಕೆಚ್ಚಲು ಬಾವು, ಅದರ ಹಾಲು ಬೇರೆ ಇಟ್ಟೆ. ಸ್ನಾನ ಮಾಡಿ ಒಂಬತ್ತೂ ಕಾಲರ ರೈಲು ಹಿಡಿದೆ.

ಮಧ್ಯಾಹ್ನ ಮೂರಕ್ಕೆ ಮತ್ತೆ ಕೊಟ್ಟಿಗೆಯಲ್ಲಿರಬೇಕು. ನನ್ನ ಹಗ್ಗ ಅಷ್ಟುದ್ದ. ಎಷ್ಟು ದೂರ ಬಿಡುತ್ತದೆ ಎಂದು ಹನ್ನೊಂದು ವರ್ಷದಲ್ಲಿ ಗೊತ್ತಾಗಿದೆ — ಆ ಕಡೆ ಪಾರ್ಮಾ, ಈ ಕಡೆ ಮಾಂತೋವಾ. ಅದರಾಚೆಯ ಇಟಲಿಯನ್ನು ಟಿವಿಯಲ್ಲಿ ನೋಡಿದ್ದೇನೆ.

ಮಾಂತೋವಾದಲ್ಲಿ ಮೊಟ್ಟೆ ಹಾಕದ ಹಿಟ್ಟಿನೊಳಗೆ ಕುಂಬಳಕಾಯಿ ತುಂಬಿ ಬೇಯಿಸಿದ ತೊರ್ತೆಲ್ಲಿ ತಿಂದೆ. ಒಂದು ಸಿಹಿ, ಒಂದು ಖಾರ, ಎರಡೂ ಒಂದೇ ತುತ್ತಿನಲ್ಲಿ. ಮೊದಲ ಸಲ ತಿಂದಾಗ ಹೆಂಡತಿ ಜೀತೋ ಅಂದಿದ್ದಳು, "ನಮ್ಮೂರ ಕುಂಬಳಕಾಯಿ ಪಲ್ಯಕ್ಕೆ ಕೋಟು ಹಾಕ್ಸಿದ್ದಾರೆ ನೋಡು."

ಬರುವಾಗ ಬೇಕರಿ ಮುಂದೆ ನಿಂತೆ. ಸೊಪ್ಪಿನ ಕಡುಬು ಇತ್ತು. ಅವಳು ಕೇಳುತ್ತಿದ್ದ ರೀತಿ ನೆನಪಾಯಿತು.

"ಮಾಂಸ ಇದ್ಯಾ?"

"ಇಲ್ಲಮ್ಮ, ಬರೀ ಸೊಪ್ಪು."

"ಕೊಬ್ಬು?"

"ಹಂದಿದು ಒಂಚೂರು. ಕೊಬ್ಬು ಮಾಂಸ ಹೇಗಾಗತ್ತೆ?"

ಅಷ್ಟಕ್ಕೆ ಹೊರಟುಬಿಡುತ್ತಿದ್ದಳು. ಯಾವ ಬ್ರೆಡ್ಡು, ಯಾವ ಬಿಸ್ಕತ್ತು — ಎಲ್ಲದರ ಜಾತಕ ಅವಳಿಗೆ ಬಾಯಿಪಾಠ. ಅವಳ ತವರಿನವರು ಮಾಂಸ, ಮೊಟ್ಟೆ ಮುಟ್ಟುವುದಿಲ್ಲ ಎಂದು ಗುರುಗಳಿಗೆ ಮಾತು ಕೊಟ್ಟವರು. ಮದುವೆಗೆ ಮುಂಚೆ ನನ್ನಿಂದಲೂ ಕೊಡಿಸಿದರು.

ಕಡುಬು ಕೊಳ್ಳಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಪಂಜಾಬಿನಿಂದ ಬೇಬೇ ಫೋನ್. ಜೀತೋಳ ತಾಯಿ. ಎಂಬತ್ತೊಂದಾದರೂ ದನಿ ಗಟ್ಟಿ.

"ನವೆಂಬರ್ ಮೂರಕ್ಕೆ ಅವಳು ಹೋಗಿ ವರ್ಷವಾಗತ್ತೆ ಮಗಾ. ಬರ್ತೀಯಾ?"

ಜುಲೈಯಲ್ಲಿ ಇನ್ನೊಬ್ಬ ಆಳು ಬಿಟ್ಟುಹೋದ, ಹಾಲು ಕರೆಯಲು ನಾನೊಬ್ಬನೇ ಅಂದೆ. ಯಜಮಾನರನ್ನು ರಜೆ ಕೇಳಿಯಾಗಿದೆ. "ಹಸುಗೆ ಭಾನುವಾರ ಗೊತ್ತಾ? ಹೋಗೋದಾದ್ರೆ ಮನೆ ಬೀಗದ ಕೈ ಕೊಟ್ಟು ಹೋಗು" ಅಂದರು. ಈ ಮನೆ ಕೆಲಸದ ಜೊತೆ ಬಂದದ್ದು. ಇದನ್ನು ಬೇಬೇಗೆ ಹೇಳಲಿಲ್ಲ.

"ಇರ್ಲಿ ಬಿಡು. ನನಗೊಂದು ಕಳಿಸು. ಕಡೇ ತಿಂಗಳು ಅವಳಿಗೆ ತಿನ್ನಿಸ್ತಿದ್ಯಲ್ಲ, ಆ ಚೀಸು. ಅವಳ ಬಾಯಿಗೆ ರುಚಿಸಿದ್ದನ್ನ ನಾನೂ ಒಂದ್ಸಲ ಬಾಯಿಗಿಟ್ಕೋಬೇಕು."

ಪಕ್ಕದೂರಿನ ಕೊಟ್ಟಿಗೆಯ ಮುಖ್ತಿಯಾರ್ ಅಕ್ಟೋಬರ್ ಇಪ್ಪತ್ತಕ್ಕೆ ಊರಿಗೆ ಹೊರಟಿದ್ದಾನೆ. ಅವನ ಕೈಲಿ ಕಳಿಸುತ್ತೇನೆ ಅಂದೆ.

ಖುಷಿಯಾಯಿತು. ಬಹಳ ದಿನದ ಮೇಲೆ.

ಸೆಪ್ಟೆಂಬರ್ 28, ಶನಿವಾರ

ಚೀಸು ಹೇಗೆ ಮಾಡುತ್ತಾರೆಂದು ಬೇಬೇ ಕೇಳೇ ಕೇಳುತ್ತಾಳೆ. ನೋಡಿ ಬರೋಣ ಎಂದು ಹಾಲು ಕರೆದಾದ ಮೇಲೆ ಚೀಸಿನ ಮನೆಗೆ ಹೋದೆ. ಹನ್ನೊಂದು ವರ್ಷ ಹಾಲನ್ನು ಅದರ ಬಾಗಿಲಿಗೆ ಮುಟ್ಟಿಸಿದ್ದೇನೆ. ಒಳಗೆ ನಿಂತು ನೋಡಿದ್ದು ಇವತ್ತೇ.

ಚೀಸು ಮಾಡುವ ಒರೆಸ್ತೆ ತಾಮ್ರದ ಕೊಪ್ಪರಿಗೆಯೊಳಗೆ ಮೊಣಕೈವರೆಗೆ ತೋಳಿಟ್ಟಿದ್ದರು.

"ಓಹೋ, ಹಾಲಿನ ದೊರೆ! ಬೂಟು ತೊಳ್ಕೊಂಡ್ಯಾ? ಸಗಣಿ ತಂದಿದ್ರೆ ನಿನ್ನನ್ನೇ ಕೊಪ್ಪರಿಗೆಗೆ ಹಾಕ್ತೀನಿ."

"ತೊಳ್ಕೊಂಡೇ ಬಂದೆ. ಇದನ್ನ ಹೇಗೆ ಮಾಡ್ತಾರೆ ಅಂತ ನಮ್ಮತ್ತೆಗೆ ಹೇಳ್ಬೇಕು."

"ಅತ್ತೆಗಾ? ಬೇಡಪ್ಪಾ. ಅತ್ತೆ ಕಲಿತುಬಿಟ್ರೆ ನನ್ನ ಕೆಲಸ ಹೋಯ್ತು."

ಹಾಲು ಬೆಚ್ಚಗಾಗಿತ್ತು. ಸಣ್ಣ ಜಗ್ಗಿನಿಂದ ಏನೋ ಕಂದು ನೀರು ಸುರಿದರು.

"ಅದೇನು?"

"ಹೆಪ್ಪು."

"ಮೊಸರಾ?"

"ಮೊಸರಂತೆ! ಕರುವಿನ ಹೊಟ್ಟೆದು. ಹುಲ್ಲು ಮುಟ್ಟಿರಬಾರ್ದು, ಹಾಲು ಕುಡಿಯೋ ಕರುನೇ ಆಗ್ಬೇಕು. ಇದಿಲ್ದಿದ್ರೆ ನಿನ್ನ ಹಾಲು ಬರೀ ಹಾಲು."

"ಕರು ಬದುಕಿರತ್ತಾ?"

ಅವರು ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. "ಇಷ್ಟು ವರ್ಷ ಇಲ್ಲಿದ್ದೀಯ. ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಲಿಲ್ಲ. ನಾನು ಕೇಳಲಿಲ್ಲ.

ಜೀತೋ ಕೇಳಿದ್ದಳು. ಇಲ್ಲಿಗೆ ಬಂದ ಮೊದಲ ವಾರ, ನಾನೀಗ ಬರೆಯುತ್ತಿರುವ ಇದೇ ಅಡುಗೆಮನೆಯಲ್ಲಿ, ಚೀಸಿನ ತುಂಡು ಕೈಯಲ್ಲಿ ಹಿಡಿದು. "ಇದ್ರಲ್ಲಿ ಏನೇನಿದೆ?" ನಾನು ಎದೆಯುಬ್ಬಿಸಿ ಹೇಳಿದೆ, "ಹಾಲು, ಉಪ್ಪು, ಅಷ್ಟೇ. ನಾನೇ ಕರೆದ ಹಾಲು." ಬೇಕರಿಯವಳನ್ನು ಎರಡು ಸಲ ಕೇಳುವವಳು ನನ್ನನ್ನು ಒಂದೇ ಸಲ ಕೇಳಿದಳು.

ಗಂಡು ಕರುಗಳನ್ನು ಲಾರಿಗೆ ಹತ್ತಿಸುವವನೂ ನಾನೇ.

ಅಕ್ಟೋಬರ್ 10, ಗುರುವಾರ

ಹನ್ನೆರಡು ದಿನ ಬರೆಯಲಿಲ್ಲ. ಕರೆದೆ, ತೊಳೆದೆ, ಮಲಗಿದೆ. ಚೀಸು ಮುಟ್ಟಿಲ್ಲ.

ಅನ್ನನಾಳದ ಕಾಯಿಲೆ ಅವಳದು. ಆಸ್ಪತ್ರೆಯ ನರ್ಸ್ ಹೇಳಿದ್ದಳು — ಹಳೆಯ ಚೀಸು ತುರಿದು ಆಲೂಗಡ್ಡೆ ಗಂಜಿಯಲ್ಲಿ ಕಲಸಿಕೊಡಿ, ಶಕ್ತಿ ಬರುತ್ತದೆ. ದಿನಕ್ಕೆ ಮೂರು ಸಲ ತುರಿದೆ. "ಸಾಕು" ಅಂದಾಗಲೂ ಇನ್ನೊಂದು ಚಮಚ ಅಂದೆ.

ಮುಖ್ತಿಯಾರ್ ಬಂದಿದ್ದ. ಹೇಳಿಕೊಂಡೆ.

"ಅಯ್ಯೋ ಮಾರಾಯಾ, ನಮ್ಮೋರಲ್ಲಿ ಅರ್ಧ ಜನಕ್ಕೆ ಗೊತ್ತು. ಗೊತ್ತಿಲ್ದೋರ ಹಾಗೆ ಇರ್ತಾರೆ. ಗಿಡದ ಹೆಪ್ಪಿನ ಚೀಸು ಪಾರ್ಮಾದಲ್ಲಿ ಸಿಗತ್ತೆ. ಅದನ್ನ ತಂದು ಇದರ ಕಾಗದ ಸುತ್ತು. ಮುದುಕಿಗೆ ಏನು ಗೊತ್ತಾಗತ್ತೆ?"

"ಸುಳ್ಳಾಗಲ್ವಾ?"

"ಸುಳ್ಳಲ್ವೋ, ಪ್ಯಾಕಿಂಗ್."

ನಗು ಬಂತು. ಆಮೇಲೆ ಪಾರ್ಮಾ ರೈಲು ಹತ್ತಿದೆ. ಮೂರು ಅಂಗಡಿ ಸುತ್ತಿದೆ. ಅವಳ ಹಾಗೆ ಎರಡೆರಡು ಸಲ ಕೇಳಿದೆ. ಕೊನೆಯ ಅಂಗಡಿಯ ಹೆಂಗಸು ಮುಳ್ಳುಗಿಡದ ಹೂವಿನಿಂದ ಹೆಪ್ಪು ಹಾಕಿದ್ದು ಎಂದು ಒಂದು ತುಂಡು ಕೊಟ್ಟಳು. ಮೆತ್ತಗಿದೆ, ಕುರಿಹಾಲಿನದು. ಚೆನ್ನಾಗಿಯೇ ಇದೆ. ಇಪ್ಪತ್ತು ಕಿಲೋಮೀಟರ್ ಆಚೆ ಹನ್ನೊಂದು ವರ್ಷವೂ ಇತ್ತು.

ಅಕ್ಟೋಬರ್ 15, ಮಂಗಳವಾರ

ಮೇಜಿನ ಮೇಲೆ ಎರಡು ತುಂಡು. ಒಂದು ಅವತ್ತು ಬೇಬೇಗೆಂದು ಒರೆಸ್ತೆ ಕೊಟ್ಟಿದ್ದು, ಒಂದು ಪಾರ್ಮಾದ್ದು. ಒರೆಸ್ತೆಯದನ್ನು ಕಳಿಸಿದರೆ ಬೇಬೇಯ ವ್ರತ ಕೆಡುತ್ತದೆ. ಪಾರ್ಮಾದ್ದನ್ನು ಕಳಿಸಿದರೆ ಮಗಳು ತಿಂದದ್ದೆಂದು ಮಗಳು ತಿನ್ನದ್ದನ್ನು ತಿನ್ನುತ್ತಾಳೆ. ಏನೂ ಕಳಿಸದಿದ್ದರೆ ಯಾಕೆ ಎಂದು ಕೇಳುತ್ತಾಳೆ.

ಮೂರು ದಾರಿ. ಮೂರರ ತುದಿಗೂ ನಾನೇ ನಿಂತಿದ್ದೇನೆ.

ಪಾರ್ಮಾದ್ದಕ್ಕೆ ಕಾಗದ ಸುತ್ತಿದೆ. ಬಿಚ್ಚಿದೆ. ಮತ್ತೆ ಸುತ್ತಿದೆ... ಹಾಲಿಗೆ ಹೊತ್ತಾಯಿತು.

ಅಕ್ಟೋಬರ್ 18, ಶುಕ್ರವಾರ, ರಾತ್ರಿ

ಬೆಳಿಗ್ಗೆ ಹತ್ತಕ್ಕೆ ಬೇಬೇಗೆ ಫೋನ್ ಮಾಡಿದೆ. ಕ್ಷೇಮ ಕೇಳುವ ಮುಂಚೆಯೇ ಹೇಳಿಬಿಟ್ಟೆ. ಕರುವಿನ ಹೊಟ್ಟೆಯ ವಿಷಯ. ಜೀತೋ ಕೇಳಿದ್ದು, ನಾನು ಹೇಳಿದ್ದು.



"ಬೇಬೇ?"

"ಕೇಳಿಸ್ತು."

ಆ ಕಡೆ ಯಾರೋ ಕೈಪಂಪು ಹೊಡೆಯುತ್ತಿದ್ದರು. ಅದು ನಿಂತಿತು.

"ಅವಳಿಗೆ ಗೊತ್ತಿತ್ತಾ?"

"ಗೊತ್ತಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ವೋ ನನಗೆ ಗೊತ್ತಿಲ್ಲ ಬೇಬೇ."

"ಕಡೇ ತಿಂಗಳು ಬೇರೆ ಏನಾದ್ರೂ ಇಳೀತಿತ್ತಾ?"

"ಇಲ್ಲ. ಅದೊಂದೇ."

ನಾನು ಗೋಡೆಗೆ ಒರಗಿ ನಿಂತಿದ್ದೆ. ಬೈಯಲಿ ಅಂತಿತ್ತು.

"ನನಗೆ ಕಳಿಸ್ಬೇಡ. ಇದೂ ಬೇಡ, ಬೇರೆದೂ ಬೇಡ. ನಾನು ಗುರುಗಳಿಗೆ ಮಾತು ಕೊಟ್ಟವಳು."

"ಹೂಂ."

"ನೀನು ಈಗ್ಲೂ ತಿಂತೀಯಾ?"

"ಗೊತ್ತಾದ ದಿನವೇ ಬಿಟ್ಟೆ. ನಾನೂ ಮಾತು ಕೊಟ್ಟವನಲ್ವಾ."

"ಓ. ಈಗ ನೀನು ಚೊಕ್ಕ ಆದೆ." ದನಿ ಏರಲಿಲ್ಲ. "ನನ್ನ ಮಗಳು ನಿನ್ನ ಮಾತು ನಂಬಿ ತಿಂದಳು. ಬಿಡೋಕೆ ಅವಳಿಗೆ ದಿನ ಉಳೀಲಿಲ್ಲ. ನೀನು ತಿನ್ನು ಸರ್ವಣ್. ಗೊತ್ತಿದ್ದೇ ತಿನ್ನು. ಗುರುಗಳ ಮುಂದೆ ಅವಳೊಬ್ಬಳೇ ತಿಂದ ಹಾಗೆ ಆಗ್ಬಾರ್ದು."

ಫೋನ್ ಇಟ್ಟುಬಿಟ್ಟಳು.

ಶಾಪವೋ, ಏನೋ. ಇಡೀ ಮಧ್ಯಾಹ್ನ ಹಸುಗಳ ನಡುವೆ ಅದನ್ನೇ ಯೋಚಿಸಿದೆ.

ಅಕ್ಟೋಬರ್ 20, ಭಾನುವಾರ, ಮಧ್ಯಾಹ್ನ ಎರಡೂವರೆ

ಮುಖ್ತಿಯಾರ್ ಹೊರಟ. "ಎಲ್ಲಿ ಪ್ಯಾಕಿಂಗ್?" ಅಂದ. ಜೀತೋಳ ಉಣ್ಣೆ ಶಾಲು ಕೊಟ್ಟೆ, ಬೇಬೇಗೆ.

ಪಾರ್ಮಾದ ತುಂಡನ್ನೂ ಅವನಿಗೇ ಕೊಟ್ಟೆ. ದಾರಿಗೆ.

ಒರೆಸ್ತೆಯ ತುಂಡು ಮೇಜಿನ ಮೇಲಿದೆ. ಚಾಕುವಿನ ತುದಿ ಊರಿ ತಿರುಗಿಸಿದೆ, ತಾನಾಗಿ ಸೀಳಿತು. ಒಳಗೆ ಬಿಳಿ ಹರಳು. ವಾಸನೆ ಹಾಗೇ ಇದೆ. ಬಾಯಲ್ಲಿ ನೀರೂರಿತು — ಅದಕ್ಕೇ ನಾಚಿಕೆ.

ಎರಡು ನಲವತ್ತು. ಕೊಟ್ಟಿಗೆಯಲ್ಲಿ ಹಸುಗಳು ಕೂಗಲು ಶುರು ಮಾಡಿವೆ. ಹೋಗಬೇಕು. ಹೋಗುವ ಮುಂಚೆ ಮೊದಲ ಚೂರು ನಾಲಿಗೆ ಮೇಲೆ ಇಟ್ಟುಕೊಂಡು, ಅವಳ ಹೆಸರು ಹೇಳಿಕೊಂಡೆ.