ಹತ್ತಿ ಬರುವ ಗಾಡಿಗೆ ದಾರಿ

ಪುಷ್ಪಾ,
ಎಬ್ಬಿಸಲು ಮನಸ್ಸಾಗಲಿಲ್ಲ, ಹೊರಟೆ. ಉಳಿದ ಕಡುಬು ಕಟ್ಟಿಕೊಂಡಿದ್ದೇನೆ. ಅಪ್ಪನ ಬಿಪಿ ಮಾತ್ರೆ ಮುಗಿದಿದೆ, ಆಲ್ದೂರಿಂದ ತಾ.

ಕಾಫಿ ಮೂಟೆ ಇಳಿಸದೆ ಯಾಕೆ ವಾಪಸ್ ತಂದೆ ಅಂತ ನಿನ್ನೆ ನೀನು ಕೇಳಿದೆ. ಸುಸ್ತಾಗಿ ಮಲಗಿಬಿಟ್ಟೆ. ಲಾರಿ ಕೆಲಸ ಹಿಡಿದು ಇನ್ನೂ ಮೂರು ವಾರ. ಬೆಂಗಳೂರಿನ ಇಳಿಜಾರು ಗಲ್ಲಿಯಲ್ಲಿ, ನಮ್ಮ ಘಾಟಿಯಲ್ಲಿ ನಿಲ್ಲುವ ಹಾಗೆ, ಹತ್ತಿ ಬರುವ ಗಾಡಿಗಳಿಗೆ ದಾರಿ ಬಿಟ್ಟು ನಿಂತೆ. ಅವು ಮುಗಿಯಲೇ ಇಲ್ಲ ಮಾರಾಯ್ತಿ! ಹಿಂದಿನವರೆಲ್ಲ ಬೈದರು. ಅಷ್ಟರಲ್ಲಿ ಗೋಡೌನ್ ಮುಚ್ಚಿತು. "ಇನ್ನೊಂದ್ಸಲ ಹಿಂಗಾದ್ರೆ ಕೀ ಕೊಟ್ಟು ಹೋಗು" ಅಂದಿದ್ದಾರೆ ಓನರ್.

ಎಸ್ಟೇಟ್ ಜೀಪಿನಲ್ಲಿ ಅಪ್ಪ ನನಗೆ ಕಲಿಸಿದ ಮೊದಲ ಪಾಠ ಅದು, ದಾರಿ ಬಿಡುವುದು. ಬೈಸಿಕೊಂಡದ್ದನ್ನು ಬೇಕಾದರೆ ಅಪ್ಪನಿಗೆ ಹೇಳು. ಇವತ್ತು ಯಾರಿಗೂ ದಾರಿ ಬಿಡದೆ ನುಗ್ಗುತ್ತೇನೆ. ಅದನ್ನು ಮಾತ್ರ ಹೇಳಬೇಡ.